ಬೋನಾಳ ಕೆರೆಯ ನೀರು ಎಲ್ಲಿ ಹೋಗುತ್ತದೆ?



ಸುರಪುರದ ಸಮೀಪದ ಬೋನಾಳ ಕೆರೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಸುರಪುರ ಅರಸರ ಕಾಲದ ಈ ಕೆರೆ ಇಂದು ಪಕ್ಷಿಧಾಮವೆಂದು ಹೆಸರಾಗಿದೆ. ಮಳೆಗಾಲದಲ್ಲಿ ಏರಿದ ನೀರು ಬೇಸಿಗೆ ಬಲಿತಂತೆ ದಂಡೆ ಬಿಟ್ಟು ಹಿಂದೆ ಸರಿಯುತ್ತದೆ. ಒಂದು ಪಾಲು ಹೊಲಗಳಿಗೆ ಹೋಯಿತು, ಒಂದು ಪಾಲು ನೆಲಕ್ಕೆ ಇಂಗಿತು ಎನ್ನೋಣ. ಇನ್ನೊಂದು ಪಾಲು ಆವಿಯಾಗಿ ಹೋಗುತ್ತದೆ. ಆದರೆ ನೀರು ಕುದಿಯುವುದು 100 ಡಿಗ್ರಿಯಲ್ಲಿ ಅಲ್ಲವೇ? ಕೆರೆಯ ನೀರು ಎಂದೂ ಅಷ್ಟು ಕಾಯುವುದಿಲ್ಲವಲ್ಲ!

ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಓಡಾಡುವುದಿಲ್ಲ ಎಂಬುದೇ ಇದರ ಗುಟ್ಟು. ಅವು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಮೇಲ್ಪದರದಲ್ಲಿರುವ, ಹೆಚ್ಚು ವೇಗದ ಕೆಲವು ಅಣುಗಳು ಆ ಹಿಡಿತ ಬಿಡಿಸಿಕೊಂಡು ಗಾಳಿಗೆ ಹಾರುತ್ತವೆ. ಚುರುಕಾದವು ಹೋದ ಮೇಲೆ ಉಳಿದವು ನಿಧಾನಿಗಳು. ಆದ್ದರಿಂದ ನೀರು ತಂಪಾಗುತ್ತದೆ. ಮನೆಯ ಮಣ್ಣಿನ ಹರವಿಯೊಳಗಿನ ತಂಪು ಇದೇ.

ಈ ಹಿಡಿತ ಎಷ್ಟು ಬಲವಾದದ್ದು? ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಸಾಕು. ಕರಗುವಾಗ ಹಿಡಿತ ಸಡಿಲವಾಗುತ್ತದೆ, ಅಷ್ಟೇ. ಅದೇ ಒಂದು ಗ್ರಾಂ ನೀರು 30 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಏಳು ಪಟ್ಟಿಗೂ ಹೆಚ್ಚು! ತಾವರೆ ಎಲೆಯ ಮೇಲೆ ಹನಿ ಹರಡದೆ ಮುತ್ತಿನಂತೆ ಉರುಳಾಡುವುದೂ ಇದೇ ಹಿಡಿತದಿಂದ. ಎಲೆಯ ಮೇಲಿನ ಮೇಣ ಮತ್ತು ಕಣ್ಣಿಗೆ ಕಾಣದ ಉಬ್ಬುಗಳು ನೀರನ್ನು ತಮ್ಮತ್ತ ಎಳೆಯಲಾರವು. ಉರುಳುವ ಹನಿಯನ್ನು ನಾವು ಕಿರುತೆರೆಯ ಮೇಲೆ ಸೊಗಸಾಗಿ ತೋರಿಸಬಲ್ಲೆವು. ಆವಿಯಾಗುವ ಕೆರೆಯನ್ನು ಮಾತ್ರ ಯಾವ ಕ್ಯಾಮೆರಾವೂ ಹಿಡಿಯದು. ಎಷ್ಟು ಹೊತ್ತು ನೋಡಿದರೂ ಅಲ್ಲಿ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ.

ಲೆಕ್ಕ ಹಾಕಿದರೆ ಮಾತ್ರ ಗಾಬರಿಯಾಗುತ್ತದೆ. ಒಂದು ಎಕರೆ ವಿಸ್ತಾರದ ನೀರು ಒಂದು ಸೆಂಟಿಮೀಟರ್ ಇಳಿದರೆ ಹೋಗುವುದು ಸುಮಾರು 40,000 ಲೀಟರ್, ಅಂದರೆ 5,000 ಲೀಟರಿನ ಎಂಟು ಟ್ಯಾಂಕರ್! ಬಿಸಿಲು, ಒಣಗಾಳಿ ಎರಡೂ ಸೇರಿದ ಬಯಲುಸೀಮೆಯಲ್ಲಿ ಇಷ್ಟು ನೀರು ಹೋಗಲು ಬಹಳ ದಿನ ಬೇಕಿಲ್ಲ.

ಇದನ್ನು ತಡೆಯಬಹುದೇ? 1950ರ ದಶಕದಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಸೀಟೈಲ್ ಆಲ್ಕೊಹಾಲ್ ಎಂಬ ಮೇಣದಂಥ ವಸ್ತುವನ್ನು ನೀರಿನ ಮೇಲೆ ಹರಡಿ ನೋಡಿದರು. ಒಂದೇ ಅಣುವಿನಷ್ಟು ದಪ್ಪದ ಪದರವೂ ಆವಿಯನ್ನು ತಕ್ಕಮಟ್ಟಿಗೆ ತಡೆಯಿತು. ಆದರೆ ಗಾಳಿ ಬೀಸಿದೊಡನೆ ಪದರ ಹರಿದು ಒಂದು ದಂಡೆಗೆ ಸೇರಿಬಿಡುತ್ತಿತ್ತು. ನಮ್ಮ ಬಯಲಿನ ಗಾಳಿಗೆ ಈ ಉಪಾಯ ನಿಲ್ಲುವುದು ಕಷ್ಟವೆಂದೇ ನನ್ನ ಅನಿಸಿಕೆ.

ನೀವೇ ಒಂದು ಪ್ರಯೋಗ ಮಾಡಿ. ಒಂದು ತಂಬಿಗೆಗೂ ಒಂದು ಅಗಲವಾದ ತಾಟಿಗೂ ಒಂದೊಂದು ಲೋಟ ನೀರು ಹಾಕಿ ಮಾಳಿಗೆಯ ಮೇಲಿಡಿ. ತಾಟು ಬೇಗ ಬರಿದಾಗುತ್ತದೆ. ಆವಿ ಹೊರಡುವುದು ಮೇಲ್ಮೈಯಿಂದ; ಮೇಲ್ಮೈ ಅಗಲವಾದಷ್ಟೂ ನಷ್ಟ ಹೆಚ್ಚು. ಹೂಳು ತುಂಬಿದ ಕೆರೆ ತಂಬಿಗೆಯಾಗಿದ್ದದ್ದು ತಾಟಾದಂತೆ. ಇದ್ದಷ್ಟು ನೀರೇ ತೆಳ್ಳಗೆ ಹರಡಿ ಬಿಸಿಲಿಗೆ ಮೈಯೊಡ್ಡುತ್ತದೆ. ಹೂಳೆತ್ತಿದರೆ ಅದೇ ನೀರು ಇನ್ನಷ್ಟು ದಿನ ಉಳಿದೀತು.

ಹಾಗೆಂದು ಕೆರೆಯನ್ನೆಲ್ಲ ಒಂದೇ ಸಮ ಅಗೆದುಬಿಡುವಂತಿಲ್ಲ. ಕೊಕ್ಕರೆಗಳು ಕಾಲೂರಿ ಮೀನು ಹಿಡಿಯುವುದು ಅಂಚಿನ ತೆಳುನೀರಿನಲ್ಲೇ. ನಡುವೆ ಆಳ ಮಾಡಿ, ದಂಡೆಯತ್ತ ಇಳಿಜಾರನ್ನು ಹಾಗೆಯೇ ಬಿಡಬೇಕಾಗುತ್ತದೆ.