ಈ ಕಡೆ 69, ಆ ಕಡೆಯೂ 69!

ಗಾಂಧಿ ಬಜಾರಿನ ಹೋಟೆಲಿನಲ್ಲಿ ಕಾಫಿ ಆರಿಹೋಗಿದೆ. ಬಿಲ್ಲಿನ ಹಿಂದೆ ಬರೆದುಕೊಂಡ ಒಂದು ಸಂಖ್ಯೆಯಿಂದ ಕಣ್ಣು ಕೀಳಲು ಆಗುತ್ತಿಲ್ಲ:

18947668177995426462773730

ಇಪ್ಪತ್ತಾರು ಅಂಕಿ! ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಇದು ಮಹಾಕ್ಷೋಭವನ್ನೂ ದಾಟಿ ಇನ್ನೆರಡು ಮನೆ ಮುಂದೆ ಹೋಗಿದೆ.

ಈ ಸಂಖ್ಯೆಯನ್ನು ಹೇಳಿದ್ದು ಯಾರು? ನಮ್ಮ ಬೆಂಗಳೂರಿನಲ್ಲೇ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿ. ಅಪ್ಪ ಸರ್ಕಸ್ ಕಲಾವಿದ. ಚಾಮರಾಜಪೇಟೆಯ ಶಾಲೆಯೊಂದಕ್ಕೆ ಸೇರಿದ ಹುಡುಗಿ, ತಿಂಗಳಿಗೆ 2 ರೂಪಾಯಿ ಫೀಸು ಕಟ್ಟಲಾಗದೆ ಮೂರೇ ತಿಂಗಳಲ್ಲಿ ಹೊರಗೆ ಬಂದಳು. ಅದೇ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಿಂತಿದ್ದರು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಮನಸ್ಸಿಗೆ ಬಂದಂತೆ ಆರಿಸಿ ಕೊಟ್ಟ ಸಂಖ್ಯೆಗಳು 7686369774870 ಮತ್ತು 2465099745779. ಗುಣಿಸಿ ಉತ್ತರ ಹೇಳಲು ಅವರಿಗೆ ಹಿಡಿದದ್ದು ಬರೀ 28 ಸೆಕೆಂಡು. 1982ರ ಗಿನ್ನೆಸ್ ಪುಸ್ತಕದಲ್ಲಿ ಈ ದಾಖಲೆ ಇದೆ.

ನಾನು ಪೆನ್ಸಿಲ್ ಹಿಡಿದೆ. ಮೊದಲು ಅಂಕಿಗಳನ್ನು ಕೂಡುವ ಹಳೆಯ ಪರೀಕ್ಷೆ. ಮೊದಲನೆಯದರ ಅಂಕಿಗಳ ಮೊತ್ತ 78, ಮತ್ತೆ ಕೂಡಿದರೆ 15, ಕೊನೆಗೆ 6. ಎರಡನೆಯದರದು 74, ಅದು 11, ಕೊನೆಗೆ 2. ಆರೆರಡ್ಲ ಹನ್ನೆರಡು, ಅಂದರೆ 3. ಉತ್ತರದ ಮೊತ್ತ 138, ಅದು 12, ಅದೂ 3! ತಾಳೆಯಾಯಿತು. ಆದರೆ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ. ಅದಕ್ಕೆ 11ರ ಪರೀಕ್ಷೆಯೇ ಬೇಕು: ಒಂದು ಮನೆ ಬಿಟ್ಟು ಒಂದು ಮನೆಯ ಅಂಕಿಗಳನ್ನು ಕೂಡಬೇಕು, ಬಿಟ್ಟವನ್ನು ಬೇರೆ ಕೂಡಬೇಕು, ಎರಡೂ ಮೊತ್ತ ಸಮವಾದರೆ ಸಂಖ್ಯೆಯನ್ನು 11 ನಿಶ್ಶೇಷವಾಗಿ ಭಾಗಿಸುತ್ತದೆ.

2465099745779 ತೆಗೆದುಕೊಂಡೆ. 2, 6, 0, 9, 4, 7, 9: ಒಟ್ಟು 37. ಬಿಟ್ಟವು 4, 5, 9, 7, 5, 7: ಅವೂ 37! ಯಾರೋ ಸುಮ್ಮನೆ ಆರಿಸಿದ ಸಂಖ್ಯೆಯೊಳಗೆ ಹನ್ನೊಂದು ಅಡಗಿ ಕೂತಿತ್ತು. ಹಾಗಿದ್ದರೆ ಉತ್ತರದಲ್ಲೂ ಇರಲೇಬೇಕು. ಎದೆ ಹೊಡೆದುಕೊಳ್ಳುತ್ತಿತ್ತು. ಇಪ್ಪತ್ತಾರು ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಹದಿಮೂರು ಹದಿಮೂರಾಗಿ ಬೇರ್ಪಡಿಸಿ ಕೂಡಿದೆ. ಈ ಕಡೆ 69. ಆ ಕಡೆಯೂ 69!

ಎಷ್ಟು ಬಿಗಿಯಾದ ಹೆಣಿಗೆ! ಇವತ್ತೇ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಸಂಖ್ಯೆಯನ್ನು ಬರೆಯಿರಿ. ಬೇಕೆಂದೇ ಯಾವುದಾದರೂ ಒಂದೇ ಒಂದು ಅಂಕಿ ಬದಲಿಸಿ ಕೂಡಿ ನೋಡಿ, ಎರಡೂ ಕಡೆ 69 ಬರುವುದಿಲ್ಲ.