ಬಲವಂತದ ಅಂತರ ಮತ್ತು ವರ್ತಕರ ಒಂಟಿತನ

ವಾಣಿಜ್ಯ ಪತ್ರಿಕೆಯೊಂದರಲ್ಲಿ ಒಂಟಿತನದಂತಹ ವಿಷಯಕ್ಕೆ ಸ್ಥಾನವೇಕೆ ಎಂದು ಸದಸ್ಯ ಬಾಂಧವರಲ್ಲಿ ಕೆಲವರಿಗೆ ಅನಿಸಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿರುವ ಅಂಕಿಅಂಶಗಳನ್ನು ಗಮನಿಸಬೇಕಾಗಿ ವಿನಂತಿ. ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವ್ಯಾಪಾರ-ಉದ್ದಿಮೆದಾರರ ಸಂಖ್ಯೆ 2019ರಲ್ಲಿ 9,052 ಇದ್ದುದು, 2020ರಲ್ಲಿ 11,716 ಆಯಿತು. ಇವರಲ್ಲಿ ವರ್ತಕರೆಂದು ನಮೂದಾದವರ ಸಂಖ್ಯೆಯೇ 2,906ರಿಂದ 4,356ಕ್ಕೆ ಏರಿತು. ನಷ್ಟ, ಸಾಲ, ರೋಗಭಯ ಇವೆಲ್ಲವೂ ಇದರ ಹಿಂದೆ ಇದ್ದಿರಬೇಕು. ಒಂಟಿತನವೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಆದರೆ ನಷ್ಟವೆಂಬುದು ನಮ್ಮ ಕಸುಬಿಗೆ ಹೊಸತಲ್ಲ. ಆ ವರ್ಷ ಹೊಸತಾಗಿದ್ದುದು, ನಷ್ಟವನ್ನು ನಾಲ್ಕು ಜನರ ನಡುವೆ ಕುಳಿತು ಆಡಿ ಹಗುರ ಮಾಡಿಕೊಳ್ಳುವ ಜಾಗವೇ ಇಲ್ಲದೆ ಹೋದದ್ದು.

2020ರ ಮಾರ್ಚ್ 25ರಂದು 21 ದಿನಗಳಿಗೆಂದು ಆರಂಭವಾದ ದೇಶವ್ಯಾಪಿ ಲಾಕ್‌ಡೌನ್ ಮೂರು ಬಾರಿ ವಿಸ್ತರಣೆಗೊಂಡು ಮೇ 31ರವರೆಗೆ ನಡೆಯಿತು. ಕಿರಾಣಿ ಮತ್ತು ಔಷಧಿ ಅಂಗಡಿಗಳ ಮುಂದೆ ಸುಣ್ಣದ ವೃತ್ತಗಳು ಮೂಡಿದವು. ಬಟ್ಟೆ, ಪಾತ್ರೆ, ಹಾರ್ಡ್‌ವೇರ್, ಪಾದರಕ್ಷೆಗಳ ವರ್ತಕರು ಷಟರ್ ಎಳೆದು ಮನೆ ಸೇರಿದರು. ವಿಶ್ವ ಆರೋಗ್ಯ ಸಂಸ್ಥೆಯು ಆ ಮಾರ್ಚ್ ತಿಂಗಳಿನಲ್ಲಿಯೇ ‘ಸಾಮಾಜಿಕ ಅಂತರ’ ಎಂಬ ಮಾತನ್ನು ಬಿಟ್ಟು ‘ದೈಹಿಕ ಅಂತರ’ ಎಂದು ಹೇಳತೊಡಗಿತು. ದೇಹಗಳು ದೂರವಿದ್ದರೆ ಸಾಕು, ಸಂಬಂಧಗಳು ದೂರವಾಗಬೇಕಿಲ್ಲ ಎಂಬುದು ಅದರ ಆಶಯ. ನಮ್ಮ ಊರುಗಳ ಫಲಕಗಳಲ್ಲಿ ಮಾತ್ರ ಹಳೆಯ ಮಾತೇ ಉಳಿಯಿತು. ಆಚರಣೆಯಲ್ಲಿಯೂ ಅದೇ ಉಳಿಯಿತೆಂದು ನನ್ನ ಭಾವನೆ.

ಒಂಟಿತನವೆಂದರೇನು?

ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ. ನಾವು ಬಯಸುವ ಸಂಬಂಧಗಳಿಗೂ ನಮಗೆ ವಾಸ್ತವವಾಗಿ ದೊರೆತಿರುವ ಸಂಬಂಧಗಳಿಗೂ ನಡುವೆ ಇರುವ ಕೊರತೆಯೇ ಒಂಟಿತನ ಎಂದು ಮನೋವಿಜ್ಞಾನಿಗಳಾದ ಪೆಪ್ಲೌ ಮತ್ತು ಪರ್ಲ್‌ಮನ್ 1980ರ ದಶಕದ ಆರಂಭದಲ್ಲಿ ವಿವರಿಸಿದರು. ಬೇಡಿಕೆ ಮತ್ತು ಪೂರೈಕೆಯ ಲೆಕ್ಕ ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗುವಂತಹುದು. ಹಸಿವು ದೇಹಕ್ಕೆ ಆಹಾರ ಬೇಕೆಂದು ತಿಳಿಸುವಂತೆ ಒಂಟಿತನವು ಜನರ ಸಂಗ ಬೇಕೆಂದು ತಿಳಿಸುವ ಸೂಚನೆ ಎಂಬುದು ಅಮೆರಿಕದ ವಿಜ್ಞಾನಿ ಜಾನ್ ಕ್ಯಾಸಿಯೊಪ್ಪೊ ಅವರ ವಾದವಾಗಿತ್ತು. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು 40 ಮಂದಿಯನ್ನು ಒಂದು ದಿನ 10 ಗಂಟೆ ಒಂಟಿಯಾಗಿಯೂ, ಇನ್ನೊಂದು ದಿನ 10 ಗಂಟೆ ಉಪವಾಸವೂ ಇರಿಸಿ ಮಿದುಳಿನ ಚಿತ್ರ ತೆಗೆದರು. ಹಸಿದವರಿಗೆ ತಿನಿಸಿನ ಚಿತ್ರ ತೋರಿಸಿದಾಗ ಮಿದುಳಿನ ಯಾವ ಭಾಗ ಚುರುಕಾಯಿತೋ, ಒಂಟಿಯಾಗಿದ್ದವರಿಗೆ ಜನ ಕೂಡಿರುವ ಚಿತ್ರ ತೋರಿಸಿದಾಗಲೂ ಅದೇ ಭಾಗ ಚುರುಕಾಯಿತು. 2020ರಲ್ಲಿ ಪ್ರಕಟವಾದ ಈ ಪ್ರಯೋಗವು ಲಾಕ್‌ಡೌನ್‌ಗೆ ಮುಂಚೆಯೇ ನಡೆದಿತ್ತು.

ಹಾಗಾದರೆ ಹೆಂಡತಿ ಮಕ್ಕಳೊಡನೆ ಮನೆಯಲ್ಲಿಯೇ ಇದ್ದ ವರ್ತಕನಿಗೆ ಒಂಟಿತನವೇಕೆ? ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನವೊಂದರಲ್ಲಿ ಮನುಷ್ಯನ ಬದುಕಿನಲ್ಲಿ ‘ದುರ್ಬಲ ಕೊಂಡಿ’ಗಳಿಗೆ, ಅಂದರೆ ಬರಿಯ ಪರಿಚಯಸ್ಥರಿಗೆ, ಎಷ್ಟು ಬೆಲೆಯಿದೆ ಎಂಬುದನ್ನು ತೋರಿಸಿಕೊಟ್ಟರು. ಅಂಗಡಿಯವನ ದಿನವೆಲ್ಲ ಇಂತಹ ಕೊಂಡಿಗಳಿಂದಲೇ ಕೂಡಿದ್ದು. ಬೋಣಿ ಮಾಡುವ ಗಿರಾಕಿ, ಚಹಾ ತರುವ ಹುಡುಗ, ಮೂಟೆ ಇಳಿಸುವ ಹಮಾಲಿ, ವಾರಕ್ಕೊಮ್ಮೆ ಆರ್ಡರ್ ಬರೆದುಕೊಳ್ಳುವ ಏಜೆಂಟರು, ಕೊಳ್ಳುವುದೇನೂ ಇಲ್ಲದಿದ್ದರೂ ಪೇಪರ್ ಓದಲು ಬಂದು ಕೂರುವ ನಿವೃತ್ತ ಮೇಷ್ಟ್ರು. ಇವರಲ್ಲಿ ಯಾರೂ ನಮಗೆ ಆಪ್ತರಲ್ಲ. ಹಮಾಲಿಯ ಫೋನ್ ನಂಬರು ನಮ್ಮಲ್ಲಿ ಎಷ್ಟು ಜನರ ಬಳಿ ಇತ್ತು? ಷಟರ್ ಎಳೆದ ದಿನ ಇವರೆಲ್ಲರೂ ಒಟ್ಟಿಗೆ ಇಲ್ಲವಾದರು. ಅದನ್ನು ಮನೆಯವರು ತುಂಬಿಕೊಡುವುದು ಸಾಧ್ಯವಿರಲಿಲ್ಲ. ಅದು ಅವರ ತಪ್ಪೂ ಅಲ್ಲ.

ಟೊರಾಂಟೊ ನಗರದ ಪಾಠ

2003ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಸಾರ್ಸ್ ರೋಗ ಹರಡಿದಾಗ 15,000ಕ್ಕೂ ಹೆಚ್ಚು ಜನರನ್ನು ಪ್ರತ್ಯೇಕವಾಗಿ ಇರಿಸಲಾಗಿತ್ತು. ಅವರಲ್ಲಿ 129 ಮಂದಿಯನ್ನು ವಿಚಾರಿಸಿದಾಗ, ಸುಮಾರು ಶೇ. 29ರಷ್ಟು ಜನರಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳೂ ಶೇ. 31ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳೂ ಕಂಡುಬಂದವು. ದಿನಗಳು ಹೆಚ್ಚಾದಂತೆ ಒತ್ತಡದ ಲಕ್ಷಣಗಳು ಹೆಚ್ಚಿದ್ದವು. ಕಡಿಮೆ ಆದಾಯದ ಕುಟುಂಬಗಳಲ್ಲಿ ಇನ್ನೂ ಹೆಚ್ಚು. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡವು ಇಂತಹ 24 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಪ್ರಕಟಿಸಿತು. ಅವಧಿ ದೀರ್ಘವಾಗುವುದು, ರೋಗದ ಭಯ, ಬೇಸರ, ಸರಿಯಾದ ಮಾಹಿತಿ ಸಿಗದಿರುವುದು ಇವುಗಳ ಜೊತೆಗೆ ಆರ್ಥಿಕ ನಷ್ಟವನ್ನೂ ಆ ವರದಿ ಎತ್ತಿ ಹೇಳಿತ್ತು. ಪ್ರತ್ಯೇಕವಾಸ ಮುಗಿದ ಮೇಲೂ ನಷ್ಟದ ನೋವು ಉಳಿಯುತ್ತದೆ ಎಂಬುದು ಅದರ ಮಾತು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಕಿ ಮತ್ತು ಫೋನು

ಆದರೆ ಯಾವ ವರದಿಯಲ್ಲಿಯೂ ನಾನು ಕಾಣದ ಒಂದು ಸಂಗತಿಯಿದೆ. ನಮ್ಮ ಕಸುಬಿನಲ್ಲಿ ಫೋನು ಬಂತೆಂದರೆ ಬಾಕಿ ಕೇಳಲು ಬಂತೆಂದು ಅರ್ಥ. ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಸಾಲದ ಕಂತುಗಳಿಗೆ ಮೂರು ತಿಂಗಳ ವಿರಾಮ ಪ್ರಕಟಿಸಿ, ಬಳಿಕ ಅದನ್ನು ಆಗಸ್ಟ್ 31ರವರೆಗೆ ಮುಂದುವರಿಸಿತು. ವರ್ತಕ ವರ್ತಕರ ನಡುವಣ ಉದ್ರಿಗೆ ಅಂತಹ ವಿರಾಮ ಘೋಷಿಸುವವರು ಯಾರೂ ಇರಲಿಲ್ಲ. ಆದುದರಿಂದ ಕೊಡಬೇಕಾದವನು ಫೋನು ಎತ್ತಲಿಲ್ಲ. ಬರಬೇಕಾದವನು, ಈ ಕಾಲದಲ್ಲಿ ಕೇಳುವುದು ಹೇಗೆಂದು ಫೋನು ಮಾಡಲಿಲ್ಲ. ಸರ್ಕಾರ ವಿಧಿಸಿದ್ದು ಆರು ಅಡಿಯ ಅಂತರ. ಉಳಿದುದನ್ನು ನಾವೇ ವಿಧಿಸಿಕೊಂಡೆವು.

ನಾನೂ ಅದಕ್ಕೆ ಹೊರತಲ್ಲ. ನನ್ನ ಹಾರ್ಡ್‌ವೇರ್ ಅಂಗಡಿಗೆ ಇಪ್ಪತ್ತು ವರ್ಷಗಳಿಂದ ಮಾಲು ಕಳುಹಿಸುತ್ತಿದ್ದ ಸಗಟು ವ್ಯಾಪಾರಿಯೊಬ್ಬರ ಕರೆಯನ್ನು ಆ ಏಪ್ರಿಲ್‌ನಲ್ಲಿ ಹನ್ನೊಂದು ದಿನ ಎತ್ತಲಿಲ್ಲ. ಅವರಿಗೆ ಎರಡು ಲಕ್ಷಕ್ಕೂ ಮಿಗಿಲಾಗಿ ಕೊಡಬೇಕಾಗಿತ್ತು. ಮನೆಯಲ್ಲಿ ಈ ಮೊತ್ತವನ್ನು ಹೇಳಿರಲಿಲ್ಲ. ಕೆಲಸದ ಹುಡುಗರಿಗೆ ಹೇಳುವ ಮಾತೇ ಇಲ್ಲ. ಹನ್ನೆರಡನೆಯ ದಿನ ಮೊಮ್ಮಗಳು ಫೋನು ಎತ್ತಿ ನನ್ನ ಕೈಗೆ ಕೊಟ್ಟಳು. ಅವರು ಕೇಳಿದ್ದು, “ಏನ್ ಸಾಹುಕಾರ್ರೇ, ಮನೇಲಿ ಎಲ್ಲಾ ಆರಾಮಾ? ದಿನಾ ಮಾಡ್ತಾ ಇದೀನಿ, ಎತ್ತಲಿಲ್ಲ, ಗಾಬರಿಯಾಗಿತ್ತು” ಎಂದು. ಬಾಕಿಯ ಮಾತನ್ನು ನಾನೇ ಎತ್ತಬೇಕಾಯಿತು. ಅವರ ಕೈಯೂ ಕಟ್ಟಿಹೋಗಿತ್ತೆಂದು ಆಗ ತಿಳಿಯಿತು. ಬೀಗ ತೆರೆದ ಮೇಲೆ ಐದು ಕಂತುಗಳಲ್ಲಿ ತೀರಿಸುವುದೆಂದು ಇಬ್ಬರೂ ಬರೆದುಕೊಂಡೆವು. ಆ ರಾತ್ರಿ ನಿದ್ದೆ ಬಂತು.

ನಿದ್ದೆ ಬಾರದ ಸದಸ್ಯರಿಗಾಗಿ ಒಂದು ಮಾಹಿತಿ: ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶಕ ಸಂಸ್ಥೆಯಾಗಿದೆ.

2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಅಂಗಡಿಗಳು ಮುಚ್ಚಿದಾಗ ನಮ್ಮ ಬೀದಿಯ ಎಂಟು ಜನ ವರ್ತಕರು ಒಂದು ಕರಾರು ಮಾಡಿಕೊಂಡೆವು. ಪ್ರತಿದಿನ ಸಂಜೆ ಒಬ್ಬರು ಮತ್ತೊಬ್ಬರಿಗೆ, ಅವರು ಮುಂದಿನವರಿಗೆ ಫೋನು ಮಾಡುವುದು. ಆ ಕರೆಯಲ್ಲಿ ಬಾಕಿಯ ಮಾತು ಕೂಡದು. ಬಾಕಿ ಕೇಳುವವರು ಬೆಳಗ್ಗೆ ಬೇರೆ ಕರೆ ಮಾಡತಕ್ಕದ್ದು. ಒಬ್ಬರು ಎರಡು ದಿನ ಎತ್ತದಿದ್ದರೆ ಮೂರನೆಯ ದಿನ ಯಾರಾದರೂ ಮಾಸ್ಕ್ ಧರಿಸಿ ಅವರ ಮನೆಯ ಗೇಟಿನವರೆಗೆ ಹೋಗಿಬರುವುದು. ಹಾಗೆ ಎರಡು ಸಲ ಹೋಗಬೇಕಾಯಿತು. ಒಮ್ಮೆ ಫೋನು ಕೆಟ್ಟಿತ್ತು. ಇನ್ನೊಮ್ಮೆ ಹೋದದ್ದು ಒಳ್ಳೆಯದಾಯಿತು.