ಗೌಡನೆಂಬ ಹೆಸರಿನ ಪೂರ್ವೋತ್ತರ

ಕಳೆದ ವೈಶಾಖಮಾಸದ ಒಂದು ಸಾಯಂಕಾಲ ನಾನು ಪಾವಗಡದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಬೆನ್ನು ಹರಿದುಹೋಗಿದ್ದ ಅಮರಕೋಶದ ಪ್ರತಿಯೊಂದಕ್ಕೆ ಅಂಟು ಹಚ್ಚುತ್ತಿದ್ದೆನು. ಆಗ ನೆರೆಮನೆಯ ಗೃಹಸ್ಥರು ತಮ್ಮ ಮಗಳೊಡನೆ ಬಂದರು. ಈ ಗೃಹಸ್ಥರು ಒಂದು ಕಾಲಕ್ಕೆ ನನ್ನ ಶಿಷ್ಯರು. ಮಗಳು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಟಿರುವಳು. ಅವಳ ಕೈಯಲ್ಲಿದ್ದ ಅರ್ಜಿಯ ಮೊದಲನೆಯ ಅಂಕಣದಲ್ಲಿಯೇ 'ಮನೆತನದ ಹೆಸರು' ಎಂದು ಕೇಳಿತ್ತು; ಅಲ್ಲಿ ಏನು ಬರೆಯಬೇಕೆಂಬುದು ತಂದೆಗೂ ತಿಳಿಯದು, ಮಗಳಿಗೂ ತಿಳಿಯದು. "ತಾತನ ಹೆಸರಿನ ಕೊನೆಯಲ್ಲಿ ಗೌಡ ಎಂದಿತ್ತು. ನನ್ನ ಹೆಸರಿನಲ್ಲಿ ಅದು ಇಲ್ಲ. ತಾವೇ ಬಿಡಿಸಿದಿರಿ" ಎಂದು ತಂದೆಯು ಮೆಲ್ಲಗೆ ಹೇಳಿದರು. ಆ ಮಾತು ನಿಜ. ಅದನ್ನು ಹೇಗೆ ಬಿಡಿಸಿದೆನೆಂಬುದನ್ನು ಮುಂದೆ ಹೇಳುವೆನು. ಮೊದಲು ಆ ಹೆಸರು ಎಲ್ಲಿಂದ ಬಂದಿತು, ಎಲ್ಲೆಲ್ಲಿಗೆ ಹೋಯಿತು ಎಂಬುದನ್ನು ವಾಚಕರ ಮುಂದಿಡಬೇಕೆಂದು ಅಪೇಕ್ಷೆಯಾಗಿದೆ.

ಸಂಸ್ಕೃತವನ್ನು ಓದಿದವರಿಗೆ ಒಂದು ಚಾಪಲ್ಯವುಂಟು. ಕಂಡ ಶಬ್ದಕ್ಕೆಲ್ಲ ಧಾತುವನ್ನು ಹುಡುಕಿ, ಪ್ರತ್ಯಯವನ್ನು ಹಚ್ಚಿ, ಅದು ನಮ್ಮದೇ ಎಂದು ಮುದ್ರೆಯೊತ್ತಿದ ಹೊರತು ಅವರಿಗೆ ಸಮಾಧಾನವಿಲ್ಲ. ನಾನೂ ಬಹುಕಾಲ ಗೌಡಶಬ್ದವನ್ನು ಗೌಡದೇಶಕ್ಕೆ, ಎಂದರೆ ವಂಗದೇಶಕ್ಕೆ, ಸೇರಿಸಿಕೊಂಡಿದ್ದೆನು. ಗೌಡಪಾದಾಚಾರ್ಯರಿರುವರು, ಆಲಂಕಾರಿಕರ ಗೌಡೀ ರೀತಿಯಿರುವುದು, ಗೌಡ ಸಾರಸ್ವತರಿರುವರು. ನಮ್ಮ ಊರ ಗೌಡನು ಮಾತ್ರ ಬೇರೆಯೇ ಎಂದು ಕೇಳುತ್ತಿದ್ದೆನು. ಬೇರೆಯೇ ಸರಿ. ಇದಕ್ಕೆ ಸಾಕ್ಷಿಯು ಕೋಶದಲ್ಲಿಲ್ಲ, ಕಲ್ಲಿನಲ್ಲಿದೆ. ಕನ್ನಡ ನಾಡಿನ ಪ್ರಾಚೀನ ಶಾಸನಗಳಲ್ಲಿ ಈ ಶಬ್ದವು 'ಗಾಮುಂಡ' ಎಂದು ತೋರುವುದು. ಅನಂತರ 'ಗಾವುಂಡ', ಅನಂತರ 'ಗವುಂಡ', 'ಗವುಡ', ಕಡೆಗೆ 'ಗೌಡ'. ಮೊದಲಿನ 'ಗಾಮ'ವು ಗ್ರಾಮಶಬ್ದದ ಪ್ರಾಕೃತರೂಪ. ಮಕಾರವು ವಕಾರವಾಗುವುದು ಮರಾಠಿಯ 'ಗಾವ್' ಎಂಬಲ್ಲಿಯೂ ಕಂಡದ್ದೇ. ಕೊನೆಯ ಭಾಗವನ್ನು 'ವೃದ್ಧ'ನೆಂದು ಕೆಲವರೂ, ಊರಿನ ಭೋಗವನ್ನು ಉಂಡವನೆಂದು ಕೆಲವರೂ ಬಿಡಿಸುವರು. ವೃದ್ಧನಾದರೂ ಆಗಲಿ, ಉಂಡವನಾದರೂ ಆಗಲಿ, ಶಬ್ದವು ಊರಿಗೆ ಮುಖ್ಯನಾದವನ ಅಧಿಕಾರದ ಹೆಸರೇ ಹೊರತು ಕುಲದ ಹೆಸರಲ್ಲ. ನಿಜವಾದ ಸಂಸ್ಕೃತಶಬ್ದ 'ಗ್ರಾಮಣೀ' ಎಂಬುದು. ಅಮರಸಿಂಹನು ಅದಕ್ಕೆ ಗ್ರಾಮಾಧಿಪನೆಂದೂ ನಾಪಿತನೆಂದೂ ಅರ್ಥಗಳನ್ನು ಕೊಟ್ಟಿರುವನು. ಊರಿನ ಗಡ್ಡಗಳೆಲ್ಲವೂ ಯಾರ ಕೈಯಲ್ಲಿದ್ದುವೋ ಅವನೂ ಒಂದು ಬಗೆಯ ಮುಖ್ಯನಷ್ಟೆ.

ಗಾವುಂಡರಲ್ಲಿ ತರತಮಗಳಿದ್ದುವು. ಒಂದು ಊರಿಗೆ ಊರ್ಗಾವುಂಡ, ಹಲವು ಊರುಗಳು ಸೇರಿದ ನಾಡಿಗೆ ನಾಳ್ಗಾವುಂಡ, ಇನ್ನೂ ಮೇಲ್ಪಟ್ಟವನಿಗೆ ಪ್ರಭುಗಾವುಂಡನೆಂಬ ಬಿರುದು. ತೆರಿಗೆಯನ್ನು ಎತ್ತುವುದು, ದಾನಕೊಟ್ಟ ಭೂಮಿಯ ಎಲ್ಲೆಗೆ ಸಾಕ್ಷಿ ನಿಲ್ಲುವುದು, ಕೆರೆಯ ಏರಿಯನ್ನು ಕಟ್ಟಿಸುವುದು, ತುರುಗೊಳ್ಳಲು ಬಂದವರೊಡನೆ ಕಾದುವುದು, ಇವೆಲ್ಲ ಅವರ ಕೆಲಸ. ಕಾದಿ ಮಡಿದವರಿಗೆ ನೆಟ್ಟ ವೀರಗಲ್ಲುಗಳು ನಮ್ಮ ಹೊಲಗಳ ಬದುಗಳಲ್ಲಿ ಇಂದಿಗೂ ನಿಂತಿರುವುವು. ಲೂಯಿ ರೈಸ್ ಸಾಹೇಬರು ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ಒಂದು ಸಂಪುಟವಾಗಿ ಅಚ್ಚು ಹಾಕಿಸಿದರು. ಅದರಲ್ಲಿ ಪಾವಗಡ, ಸಿರಾ, ಮಧುಗಿರಿಗಳ ಕಲ್ಲುಗಳೂ ಸೇರಿವೆ. ನಮ್ಮದು ನೊಳಂಬರು ಆಳಿದ ಸೀಮೆ. ಅವರ ರಾಜಧಾನಿಯಾದ ಹೆಂಜೇರು, ಈಗಿನ ಹೇಮಾವತಿ, ಆಂಧ್ರದ ಮಡಕಶಿರಾ ಕಡೆಗೆ ಸೇರಿದ್ದರೂ ನಮಗೆ ನೆರೆಯ ಊರೇ. ಅನಂತರ ನಿಡುಗಲ್ಲಿನ ಚೋಳರು ಬಂದರು. ಅರಸರು ಹೋದರು, ಊರ ಗೌಡಿಕೆಯು ಉಳಿಯಿತು.

ಈ ಅಧಿಕಾರವು ಪುರುಷರಿಗೇ ಮೀಸಲಾಗಿತ್ತೆಂದು ತಿಳಿಯಬೇಡಿರಿ. ರಾಷ್ಟ್ರಕೂಟರ ಎರಡನೆಯ ಕೃಷ್ಣನ ಕಾಲದಲ್ಲಿ, 10ನೆಯ ಶತಮಾನದ ಆದಿಭಾಗದಲ್ಲಿ, ನಾಗರಖಂಡ ಎಪ್ಪತ್ತಕ್ಕೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿದನು. ಆ ಪದವಿಯು ಅವನ ಪತ್ನಿಯಾದ ಜಕ್ಕಿಯಬ್ಬೆಗೆ ಬಂದಿತು. ಅವಳು ನಾಡನ್ನು ಆಳಿ, ಕಡೆಗೆ ವ್ಯಾಧಿಗ್ರಸ್ತಳಾಗಿ, ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟಳೆಂದು ಶಿಕಾರಿಪುರ ಸೀಮೆಯ ಶಾಸನವು ಹೇಳುವುದು. ಇದನ್ನು ಓದಿ ಹೇಳಿದಾಗ ನೆರೆಮನೆಯ ಹುಡುಗಿಯು ಅರ್ಜಿಯನ್ನು ಮಡಿಚಿ ಕೆಳಗಿಟ್ಟು, ಹತ್ತಿರಕ್ಕೆ ಸರಿದು ಕುಳಿತಳು.

ಅಧಿಕಾರದ ಹೆಸರು ಮನೆತನದ ಹೆಸರಾಗುವುದು ನಮ್ಮ ನಾಡಿನ ವಿಶೇಷವೇನೂ ಅಲ್ಲ. ಅವಳು ಹೋಗುವ ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಯಿತು. ಹಿಂದಣ ಆಂಗ್ಲರ ಹಳ್ಳಿಯಲ್ಲಿ ಪ್ರಭುವಿನ ಹೊಲಗಳ ಕೆಲಸವನ್ನೂ ಒಕ್ಕಲುಗಳ ಸಲ್ಲಿಕೆಯನ್ನೂ ನೋಡಿಕೊಳ್ಳುವವನಿಗೆ 'ರೀವ್' ಎಂದು ಹೆಸರು. ಒಂದು ಶೈರಿಗೆ, ಎಂದರೆ ಒಂದು ನಾಡಿಗೆ, ರೀವ್ ಆದವನು 'ಶೈರ್ ರೀವ್'. ಅದೇ ಸವೆದು 'ಶೆರಿಫ್' ಆಯಿತು. ಊರ್ಗಾವುಂಡನಿಗೂ ನಾಳ್ಗಾವುಂಡನಿಗೂ ಇದಕ್ಕಿಂತ ಸಮೀಪವಾದ ಸಾದೃಶ್ಯವು ಬೇರೆಲ್ಲಿ ದೊರಕೀತು? ಅಲ್ಲಿ 12ನೆಯ ಶತಮಾನದಿಂದ 14ನೆಯ ಶತಮಾನದವರೆಗೆ ಮನೆತನದ ಹೆಸರುಗಳು ನೆಲೆಗೊಂಡುವು. ಹಳ್ಳಿಯ ರೀವ್ ಎಂಬ ಉದ್ಯೋಗವು ಎಂದೋ ಅಳಿಯಿತು. ಆದರೆ ರೀವ್, ರೀವ್ಸ್ ಎಂಬ ಹೆಸರುಗಳನ್ನು ಹೊತ್ತವರು ಆ ದೇಶದಲ್ಲಿ ಇಂದಿಗೂ ಇರುವರು, ರೀವ್ ಎಂಬುವರು ಪೂರ್ವಭಾಗದ ನಾರ್ಫೋಕ್, ಸಫೋಕ್ ಸೀಮೆಗಳಲ್ಲಿ ವಿಶೇಷವಾಗಿ. ಸ್ಕಾಟ್ಲೆಂಡಿನಲ್ಲಿ ಅದೇ 'ಗ್ರೀವ್' ಆಗಿದೆ. ಜರ್ಮನರಲ್ಲಿ ಶುಲ್ಜ್ ಎಂಬುದೂ ಹಳ್ಳಿಯ ಮುಖ್ಯನ ಹೆಸರೇ. ನಮ್ಮ ಗುಜರಾತಿನ ಪಟೇಲರು ಸಮುದ್ರವನ್ನು ದಾಟಿ ಹೋಗಿ, ಆ ಪಟೇಲನೆಂಬ ಹೆಸರು ಇಂದು ಬ್ರಿಟನ್ನಿನ ಅತಿ ಸಾಮಾನ್ಯವಾದ ಹೆಸರುಗಳಲ್ಲಿ ಒಂದಾಗಿದೆ. ಪಟೇಲ, ಪಾಟೀಲ ಎಂಬೆರಡೂ 'ಪಟ್ಟಕಿಲ'ನೆಂಬ ಒಂದೇ ಮೂಲದವು. ಅರ್ಥವು ಮತ್ತೆ ಊರ ಗೌಡನೇ. ಹಾಲೆಂಡಿನ ಗೌಡಾ ಎಂಬ ಗಿಣ್ಣು ಮಾತ್ರ ಆ ದೇಶದ ಒಂದು ಊರಿನ ಹೆಸರಿನದು; ಅದನ್ನು ನಮ್ಮ ಲೆಕ್ಕಕ್ಕೆ ಸೇರಿಸಬಾರದು.

ಗೌಡಶಬ್ದವು ಹರಡಿದ ಬಗೆಯನ್ನು ನೋಡಿದರೆ ಇದು ಕುಲವಾಚಕವಲ್ಲವೆಂಬುದು ಇನ್ನೂ ಸ್ಪಷ್ಟವಾಗುವುದು. ಹಳೆಯ ಮೈಸೂರಿನ ಮಂಡ್ಯ, ಹಾಸನ, ಬೆಂಗಳೂರು, ತುಮಕೂರು ಸೀಮೆಗಳಲ್ಲಿ ಅದು ಒಕ್ಕಲಿಗರ ಹೆಸರುಗಳಲ್ಲಿ ಹೆಚ್ಚು. 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಯಲಹಂಕದ ನಾಡಪ್ರಭು ಕೆಂಪೇಗೌಡನು ಇದಕ್ಕೆ ಮೇರುಸದೃಶನಾದ ನಿದರ್ಶನ. ಉತ್ತರ ಕರ್ನಾಟಕಕ್ಕೆ ಹೋದರೆ ಲಿಂಗವಂತರ ಮನೆಗಳಲ್ಲಿ ಬಸವನಗೌಡ, ಶಂಕರಗೌಡ ಎಂದು ಕರೆಯುವರು. ಅಲ್ಲಿ ಹೆಸರಿಗೆ ಗೌಡನನ್ನು ಸೇರಿಸಿ, ಅದರ ಮುಂದೆ ಪಾಟೀಲನೆಂದೂ ಬರೆಯುವ ರೂಢಿಯುಂಟು: ಒಂದೇ ಅಧಿಕಾರವು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಸುಳ್ಯ, ಪುತ್ತೂರು, ಕೊಡಗುಗಳಲ್ಲಿ ಅರೆಭಾಷೆಯನ್ನಾಡುವ ಗೌಡರಿರುವರು. ಅಂಕೋಲಾ, ಕುಮಟಾಗಳ ಕಡೆ ಹಾಲಕ್ಕಿ ಒಕ್ಕಲಿಗರಲ್ಲಿಯೂ ಈ ಹೆಸರೇ. ಸಾವಿರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದ ಸುಕ್ರಿ ಬೊಮ್ಮಗೌಡರೂ, ಕಾಡಿನ ಗಿಡಗಳನ್ನು ಮಕ್ಕಳಂತೆ ಬೆಳೆಸಿದ ತುಳಸಿ ಗೌಡರೂ ಆ ಜನಾಂಗದವರು. ಇವರಿಬ್ಬರೂ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದವರು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿಯೂ, ಸುಕ್ರಜ್ಜಿಯು 2025ರ ಫೆಬ್ರುವರಿಯಲ್ಲಿಯೂ ಕಾಲವಾದರು. ತೆಲಂಗಾಣದಲ್ಲಿ ಗೌಡ್ ಎಂದರೆ ಈಚಲು, ತಾಳೆಗಳಿಂದ ಕಳ್ಳಿಳಿಸುವ ವೃತ್ತಿಯ ಜನ. ತಮಿಳರ ಕೊಂಗುನಾಡಿನಲ್ಲಿ ಗೌಂಡರ್ ಎಂಬುವರು. ಅಲ್ಲಿ ಅನುಸ್ವಾರವು ಉಳಿದಿದೆ, ನಾವು ಕಳೆದುಕೊಂಡಿದ್ದೇವೆ.

ಹೆಗ್ಗಡೆಯೆಂಬುದೂ ಇದೇ ಜಾತಿಯ ಶಬ್ದ. 'ಪೆರ್ಗಡೆ'ಯು ಹೆರ್ಗಡೆಯಾಗಿ, ಹೆಗ್ಗಡೆಯಾಗಿ, ಈಗ ಹೆಗಡೆಯಾಗಿದೆ. ಉತ್ತರ ಕನ್ನಡದಲ್ಲಿ ಅದು ಹವ್ಯಕ ಬ್ರಾಹ್ಮಣರದು, ತುಳುನಾಡಿನಲ್ಲಿ ಬಂಟರದೂ ಜೈನರದೂ, ಮಲೆನಾಡಿನಲ್ಲಿ ಒಕ್ಕಲಿಗ ಮನೆಗಳದು.

ಪಾವಗಡಕ್ಕೆ ಹಿಂದಿರುಗೋಣ. ನಮ್ಮ ತಾಲ್ಲೂಕನ್ನು ಬಹುಭಾಗ ಆಂಧ್ರದೇಶವು ಸುತ್ತುವರಿದಿದೆ. ಒಂದೇ ಬೀದಿಯಲ್ಲಿ ಕನ್ನಡ ಮನೆಯೂ ತೆಲುಗು ಮನೆಯೂ ಒಂದೇ ಗೋಡೆಗೆ ಒರಗಿರುವುವು. ಆದುದರಿಂದ ಇಲ್ಲಿ ಗೌಡನ ಪಕ್ಕದಲ್ಲಿಯೇ ರೆಡ್ಡಿಯೂ ಇರುವನು. ರೆಡ್ಡಿಯೆಂಬುದು 'ರಟ್ಟಗುಡಿ', 'ರಟ್ಟೋಡಿ' ಎಂಬ ರೂಪಗಳಿಂದ ಇಳಿದು ಬಂದದ್ದು. ಅದೂ ಊರ ಮುಖ್ಯನ ಹೆಸರೇ. ತೆಲುಗರು ಇಂಟಿಪೇರನ್ನು ಹೆಸರಿನ ಮುಂದುಗಡೆ ಇಡುವರು. ಹಳೆಯ ಮೈಸೂರಿನ ನಾವು ಊರಿನ ಒಂದಕ್ಷರ, ತಂದೆಯ ಒಂದಕ್ಷರ ಎಂದು ಮುಂದಿಟ್ಟು, ಸ್ವಂತ ಹೆಸರನ್ನು ಕಡೆಯಲ್ಲಿ ಹೇಳುವೆವು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರ ಹೆಸರಿನಲ್ಲಿ ಮನೆತನದ ಹೆಸರು ಯಾವುದು? ಒಂದೂ ಅಲ್ಲ. ದೇವೇಗೌಡರು 1996ರ ಜೂನ್ 1ರಂದು ಭಾರತದ ಪ್ರಧಾನಿಗಳಾದಾಗ, ಹೊರನಾಡಿನ ಪತ್ರಿಕೆಗಳು ಅವರನ್ನು ಬರಿಯ 'ಗೌಡ'ರೆಂದೇ ಬರೆದುವು. ತಲೆಯನ್ನು ಬಿಟ್ಟು ಪಾಗನ್ನು ಮಾತ್ರ ಕರೆದಂತಾಯಿತು.

ಈಗ ನನ್ನ ತಪ್ಪಿಗೆ ಬರುವೆನು. 1988ರಲ್ಲಿ ನಾನು ಹಳ್ಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿ ಸೇರಿದೆನು. ದಾಖಲೆಯ ಪುಸ್ತಕದ ಹಳೆಯ ಪುಟಗಳನ್ನು ತಿರುವಿದಾಗ, ಊರೊಳಗಿನ ಮಕ್ಕಳ ಹೆಸರುಗಳೆಲ್ಲ ಗೌಡ, ರೆಡ್ಡಿ, ಅಪ್ಪ, ಅಯ್ಯಗಳಿಂದ ಮುಗಿಯುತ್ತಿದ್ದುವು. ಊರ ಹೊರಗಣ ಕೇರಿಯ ಮಕ್ಕಳು ಬರಿಯ ಹನುಮ, ನರಸ, ಮಾರ. ಒಂದು ದಿನ ಆ ಕೇರಿಯ ಕೂಲಿಯವನೊಬ್ಬನು ಮಗನನ್ನು ಸೇರಿಸಲು ಬಂದು, "ಹನುಮಂತಪ್ಪ ಎಂದು ಬರೆಯಿರಿ, ಸ್ವಾಮಿ" ಎಂದನು. ಅಲ್ಲಿಯೇ ಕುಳಿತಿದ್ದ ಊರಿನ ಹಿರಿಯರೊಬ್ಬರು ನಕ್ಕು, "ಇವನ ಅಪ್ಪನು ನರಸ, ತಾತನು ಹನುಮ. ಇವನಿಗೆ ಮಾತ್ರ ಅಪ್ಪನೆಲ್ಲಿಂದ ಬಂದನು?" ಎಂದರು. ಕೂಲಿಯವನು ತಲೆ ತಗ್ಗಿಸಿದನು, ಆದರೆ ಹೋಗಲಿಲ್ಲ. ನಾನು ಹನುಮಂತಪ್ಪನೆಂದೇ ಬರೆದೆನು. ಹಿರಿಯರು ಎದ್ದು ಹೋದರು.

ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಾಗುತ್ತಿತ್ತು. ಯೌವನದ ಉತ್ಸಾಹವು ನಿಲ್ಲಿಸಗೊಡಲಿಲ್ಲ. ಗೌಡಿಕೆಯೇ ಇಲ್ಲದ ಮೇಲೆ ಗೌಡನೆಂಬ ಹೆಸರೇಕೆ ಎಂದು ಯೋಚಿಸಿದೆನು. ಪಿತ್ರಾರ್ಜಿತವಾದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದುಗೊಳಿಸುವ ಕಾಯಿದೆಯು 1961ರಲ್ಲಿ ಹುಟ್ಟಿ, 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ನಮ್ಮ ಮನೆಯಲ್ಲಿಯೂ ನಮ್ಮ ತಾತನವರ ಶಾನುಭೋಗಿಕೆಯು ಅಂದೇ ಹೋಯಿತು. ಲೆಕ್ಕದ ಕಡತಗಳನ್ನು ಗಾಡಿಯಲ್ಲಿ ಹೇರಿ ಕಳುಹಿಸಿದ ದಿನ ಅವರು ಊಟ ಮಾಡಲಿಲ್ಲವೆಂದು ತಾಯಿಯು ಹೇಳುತ್ತಿದ್ದಳು. ಹೀಗೆಂದುಕೊಂಡು, ಶಾಲೆಗೆ ಸೇರುವ ಮಕ್ಕಳ ಹೆಸರಿನಲ್ಲಿ ಗೌಡ, ರೆಡ್ಡಿಗಳನ್ನು ತಂದೆಯು ಒತ್ತಿ ಹೇಳಿದ ಹೊರತು ನಾನು ಬರೆಯುತ್ತಿರಲಿಲ್ಲ. ಎಷ್ಟೋ ತಂದೆಗಳಿಗೆ ಓದು ಬಾರದು. ಮೇಷ್ಟ್ರು ಬರೆದದ್ದೇ ಹೆಸರು. ನೆರೆಮನೆಯ ಗೃಹಸ್ಥರ ಹೆಸರು ಮೊಟಕಾದದ್ದು ಹೀಗೆ.

ಇದರ ಫಲವು ಮೂವತ್ತೈದು ವರ್ಷಗಳ ಮೇಲೆ ಕಾಣಿಸಿತು. ನಮ್ಮ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರುವು, ರಾಯಚೆರ್ಲು ಗ್ರಾಮಗಳಲ್ಲಿ ಸುಮಾರು 13,000 ಎಕರೆಯ ಸೌರವಿದ್ಯುತ್ ಸ್ಥಾವರವಾಗಿರುವುದನ್ನು ವಾಚಕರು ಕೇಳಿರಬಹುದು. ಅದು 2018ರ ಮಾರ್ಚಿಯಲ್ಲಿ ಉದ್ಘಾಟಿತವಾಯಿತು; ಅದರ ಶಕ್ತಿ 2,050 ಮೆಗಾವಾಟ್. ರೈತರಿಂದ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಹಿಡಿದರು. ಮಳೆಯಿಲ್ಲದ ಸೀಮೆಯಲ್ಲಿ ಶೇಂಗಾ ಬಿತ್ತಿ ಆಕಾಶವನ್ನು ನೋಡುತ್ತಿದ್ದವರಿಗೆ ಬಿಸಿಲೇ ಬೆಳೆಯಾಯಿತು. ಭೂಮಿಯು ರೈತನದಾಗಿಯೇ ಉಳಿದುದರಿಂದ ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಹಣ. ಮುದುಕರು ಎರಡು ವರ್ಷಗಳ ಹಿಂದೆ ತೀರಿಕೊಂಡರು. ಪಹಣಿಯಲ್ಲಿ ತಂದೆಯು ಗೌಡ, ಶಾಲೆಯ ಪತ್ರದಲ್ಲಿ ಮಗನ ತಂದೆಯೂ ಮಗನೂ ಗೌಡರಲ್ಲ. ಇಬ್ಬರು ಬೇರೆ ಮನುಷ್ಯರೆಂದು ಕಚೇರಿಯೊಂದರಿಂದ ಮೂರು ಸಲ ಕಾಗದಗಳು ಹಿಂದಿರುಗಿದುವು. ಮಗಳ ವ್ಯಾಸಂಗದ ಹಣವು ಆ ಗೇಣಿಯಿಂದಲೇ ಬರತಕ್ಕದ್ದು. ಕಡೆಗೆ ವಂಶವೃಕ್ಷವನ್ನು ಬರೆಸಿ, ಛಾಪಾಕಾಗದದ ಮೇಲೆ ಪ್ರಮಾಣಪತ್ರವನ್ನು ಮಾಡಿಸಿ, ಹೆಸರನ್ನು ಮೊಟಕು ಮಾಡಿದ ಉಪಾಧ್ಯಾಯನೇ ಸಾಕ್ಷಿಯಾಗಿ ರುಜು ಹಾಕಿದ ಮೇಲೆ ಕೆಲಸವು ನಡೆಯಿತು. ಅಷ್ಟು ದಿನಗಳೂ ಆ ಗೃಹಸ್ಥರು ನನ್ನನ್ನು ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಅರ್ಜಿಯ ವಿಚಾರವಾಗಿ ಅಂದು ಬಹಳ ಹೊತ್ತು ಚರ್ಚೆಯಾಯಿತು. ಗೌಡನೆಂಬುದನ್ನು ಹುಡುಗಿಗೆ ಮತ್ತೆ ಕಟ್ಟಿಕೊಡೋಣವೆಂದು ನಾನೇ ಸೂಚಿಸಿದೆನು. ಪ್ರಾಯಶ್ಚಿತ್ತದ ಆಸೆಯಿತ್ತೆಂದು ಕಾಣುತ್ತದೆ. ತಂದೆಯು ತಾತನ ಮುಖ ನೋಡಿ ಒಪ್ಪಿದರು. ಹುಡುಗಿಯು ಒಪ್ಪಲಿಲ್ಲ. "ನನ್ನ ಹೆಸರಿನ ಮೊದಲನೆಯ ಅಕ್ಷರವು ಪಾವಗಡದ್ದಲ್ಲವೆ? ಅದನ್ನೇ ಪೂರ್ತಿಯಾಗಿ ಬಿಡಿಸಿ ಬರೆಯುವೆನು" ಎಂದಳು. ಹಾಗೆಯೇ ಬರೆದಳು. ಮೊನ್ನೆ ಆ ದೇಶದ ವಿದ್ಯಾಪೀಠದಿಂದ ಒಪ್ಪಿಗೆಯ ಪತ್ರವು ಬಂದಿದೆ. ಅದರ ಮೊದಲ ಸಾಲಿನಲ್ಲಿ 'ಕುಮಾರಿ ಪಾವಗಡ ಅವರಿಗೆ' ಎಂದಿರುವುದು.